ರಾತ್ರಿ ಮಲಗೋದು ಎಲ್ಲಿ? ಚಿಕ್ಕಬಳ್ಳಾಪುರದ ಮೂವರ ಮನಾಲಿ–ಲೇಹ್ ಸೈಕಲ್ ಯೋಜನೆ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಮೂರು ಜನ. ಮೊದಲನೆಯವರು ಹೈಸ್ಕೂಲಿನ ಪಿ.ಇ. ಮೇಷ್ಟ್ರು, ವಯಸ್ಸು 48. ಬಿ.ಪಿ. ಮಾತ್ರೆ ತಗೊಳ್ಳುತ್ತಾರೆ, ಆದರೂ ನಂದಿ ಬೆಟ್ಟದ ಏರಿನಲ್ಲಿ ಕಾಲೇಜು ಹುಡುಗರನ್ನು ಹಿಂದೆ ಹಾಕುತ್ತಾರೆ. ಎರಡನೆಯವನು ಊರಾಚೆ ಸೇವಂತಿಗೆ, ಚೆಂಡುಹೂವು ಬೆಳೆಯುವ ಹುಡುಗ. ಮೂರನೆಯವರು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರಲ್ಲೆಲ್ಲ ಅವರನ್ನು ಸಿಸ್ಟರ್ ಅಂತಲೇ ಕರೆಯುವುದು, ಇಲ್ಲೂ ಹಾಗೇ ಇರಲಿ. 2022ರಲ್ಲಿ ಮನಾಲಿಯಿಂದ ಲೇಹ್‌ಗೆ ಸೈಕಲ್‌ನಲ್ಲಿ ಹೋಗಬೇಕು ಅಂತ ಮೂವರೂ ಹೊರಟರು. ನಾನು ಆ ದಾರಿ ತುಳಿದು ಬಂದವನು, ಈಗ ಸೈಕಲ್ ರಿಪೇರಿ ನನ್ನ ಕಸುಬು. ಹಾಗಾಗಿ ಯೋಜನೆ ನನ್ನ ಅಂಗಡಿಗೆ ಬಂತು.

ಬಂದದ್ದು ಒಂದು ಹಾಳೆ. ಮೇಷ್ಟ್ರು ಗೆರೆ ಎಳೆದು, ಹಾಜರಿ ಪುಸ್ತಕದಷ್ಟೇ ನೀಟಾಗಿ ಬರೆದಿದ್ದರು. ರೋಹ್ತಾಂಗ್ ಪಾಸ್ ಮೇಲಿನ ಹಳೆಯ ದಾರಿ ಸುಮಾರು 474 ಕಿ.ಮೀ. ದಿನಕ್ಕೆ 60. ಎಂಟು ದಿನಕ್ಕೆ ಲೇಹ್. ನಂದಿ ಹತ್ತಿಳಿದು ದೇವನಹಳ್ಳಿ ಕಡೆ ಸುತ್ತು ಹಾಕಿದರೆ ಅರವತ್ತು ಆಗಿಯೇ ಆಗುತ್ತದೆ. ಅದನ್ನು ಅವರು ಭಾನುವಾರ ತಿಂಡಿಗೆ ಮುಂಚೆ ಮುಗಿಸುತ್ತಾರೆ. "ಎಂಟು ಭಾನುವಾರ ಒಟ್ಟಿಗೆ ಬಂತು ಅಂದ್ಕೊಂಡ್ರೆ ಆಯ್ತು" ಅಂದರು.

ಹಾಳೆಯಲ್ಲಿ ಕಿಲೋಮೀಟರ್ ಇತ್ತು, ಊರಿನ ಹೆಸರಿತ್ತು, ಊಟದ ಖರ್ಚೂ ಇತ್ತು. ಎತ್ತರ ಮಾತ್ರ ಎಲ್ಲೂ ಇರಲಿಲ್ಲ.

ನಮ್ಮ ಕಡೆಯವರಿಗೆ ಇದು ಹೊಳೆಯದಿರುವುದು ಸಹಜವೇ. ನಂದಿಯ ನೆತ್ತಿ 1,478 ಮೀಟರ್. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಹತ್ತಿರ. ಮನಾಲಿ ಪೇಟೆ ಅದಕ್ಕಿಂತ ಎತ್ತರದಲ್ಲಿದೆ, ಸುಮಾರು 2,050. ಅಂದರೆ ಈ ಪ್ರವಾಸ ಶುರುವಾಗುವ ಜಾಗವೇ ನಮ್ಮ ರಾಜ್ಯದ ತುದಿಗಿಂತ ಮೇಲೆ. ಅಲ್ಲಿಂದ ಮುಂದೆ ರೋಹ್ತಾಂಗ್ 3,978. ಬಾರಾಲಾಚಾ ಲಾ ಸುಮಾರು 4,890 (ಲಾ ಅಂದರೆ ಪಾಸ್, ಬೆಟ್ಟ ದಾಟುವ ದಾರಿ). ನಕೀ ಲಾ 4,700 ದಾಟುತ್ತದೆ, ಲಾಚುಲುಂಗ್ ಲಾ 5,000 ದಾಟುತ್ತದೆ, ಕೊನೆಯ ತಾಂಗ್ಲಾಂಗ್ ಲಾ 5,328. ಆ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಇದಕ್ಕೆ ಚಿಕ್ಕಬಳ್ಳಾಪುರದಲ್ಲಿ ತಯಾರಿ ಮಾಡಿಕೊಳ್ಳಲು ಆಗುವುದಿಲ್ಲ. ಕಾಲಿಗೆ ತಯಾರಿ ಮಾಡಬಹುದು, ರಕ್ತಕ್ಕೆ ಆಗಲ್ಲ. ದೇಹ ಆ ಗಾಳಿಗೆ ಒಗ್ಗಬೇಕಾದರೆ ಆ ಗಾಳಿಯಲ್ಲೇ ಮಲಗಿ ಏಳಬೇಕು. ಪರ್ವತ ವೈದ್ಯಕೀಯದವರು ಹೇಳುವ ಲೆಕ್ಕ ಸರಳ. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರ ಒಂದು ದಿನದಿಂದ ಇನ್ನೊಂದು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು. ಹಗಲು ಎಷ್ಟು ಎತ್ತರ ಹತ್ತಿ ಇಳಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದೇ ಮುಖ್ಯ.

ಹಾಗಾಗಿ ಮೇಷ್ಟ್ರ ಹಾಳೆಯ ಪಕ್ಕ ಪೆನ್ಸಿಲ್‌ನಲ್ಲಿ ಇನ್ನೊಂದು ಕಾಲಂ ಎಳೆದೆವು: ರಾತ್ರಿಯ ಎತ್ತರ. ಅದನ್ನು ತುಂಬುತ್ತಾ ಹೋದ ಹಾಗೆ ಎಂಟು ದಿನದ ಯೋಜನೆ ಒಂದೇ ಜಾಗದಲ್ಲಿ ಮುರಿದು ಬಿತ್ತು. ಆ ಜಾಗ ಸರ್ಚು.

ಸರ್ಚುವಿನ ಲೆಕ್ಕ

ಮೇಷ್ಟ್ರ ಹಾಳೆಯ ಪ್ರಕಾರ ಒಂದು ರಾತ್ರಿ ಜಿಸ್ಪಾದಲ್ಲಿ, ಮರುದಿನ ರಾತ್ರಿ ಸರ್ಚುವಿನಲ್ಲಿ. ಕಾರು, ಬೈಕಿನವರು ಹೀಗೇ ಮಾಡುವುದು. ಜಿಸ್ಪಾ 3,200 ಮೀಟರ್, ಭಾಗಾ ನದಿಯ ದಂಡೆಯ ಹಸಿರು ಹಳ್ಳಿ. ಸರ್ಚು 4,290, ಬರೀ ಬಯಲು. ಒಂದೇ ದಿನಕ್ಕೆ ಸಾವಿರ ಮೀಟರ್ ಮೇಲೆ, ಮಧ್ಯದಲ್ಲಿ ಬಾರಾಲಾಚಾ ಬೇರೆ.

ಸಿಸ್ಟರ್ ಕೇಳಿದ್ದು ಒಂದೇ ಪ್ರಶ್ನೆ. "ಸರ್ಚುನಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬರಿಗೆ ಉಸಿರಾಟ ಕೆಟ್ಟರೆ ಕೆಳಗೆ ಇಳಿಸೋದು ಯಾವ ಕಡೆಗೆ?"

ಎತ್ತರದ ಕಾಯಿಲೆ ಮಿತಿ ಮೀರಿದರೆ, ಅಂದರೆ ಶ್ವಾಸಕೋಶದಲ್ಲಿ ನೀರು ತುಂಬಿದರೆ ಅಥವಾ ಮೆದುಳು ಊದಿಕೊಂಡರೆ, ಮೊದಲ ಮದ್ದು ಕೆಳಗಿಳಿಯುವುದು. ಸರ್ಚುವಿನಿಂದ ಹಿಂದಕ್ಕೆ ಬಂದರೆ ಬಾರಾಲಾಚಾ. ಮೊದಲು 600 ಮೀಟರ್ ಹತ್ತಿ ಆಮೇಲೆ ಇಳಿಯಬೇಕು. ಮುಂದಕ್ಕೆ ಹೋದರೆ ನಕೀ ಲಾ, ಲಾಚುಲುಂಗ್ ಲಾ. ಅಲ್ಲೂ ಹತ್ತಲೇಬೇಕು, ಹತ್ತಿ ಇಳಿದರೆ ಸಿಗುವ ಪಾಂಗ್ ಇರುವುದು 4,600ರಲ್ಲಿ. ಎರಡೂ ಕಡೆ ಗೋಡೆ ಇರುವ ಬಾವಿಯ ತಳದಲ್ಲಿ ಕೂತ ಹಾಗೆ. ಅದೂ ರಾತ್ರಿ, ಸಿಗ್ನಲ್ ಇಲ್ಲದ ಕಡೆ, ಸೈಕಲ್ ಬಿಟ್ಟರೆ ಬೇರೆ ಗಾಡಿ ಇಲ್ಲದೆ.

ನನ್ನ ಪ್ರಕಾರ ಈ ದಾರಿಯ ಇಡೀ ಯೋಜನೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಉತ್ತರ ಭೂಪಟದಲ್ಲೇ ಇದೆ. ಜಿಸ್ಪಾ ದಾಟಿ, ದಾರ್ಚಾ ದಾಟಿ ಮೇಲೆ ಹೋದರೆ ದೀಪಕ್ ತಾಲ್, ಪಟ್ಸೇವ್ ಸಿಗುತ್ತವೆ, ಹೆಚ್ಚುಕಡಿಮೆ 3,800. ಇನ್ನೂ ಮೇಲೆ ಜಿಂಗ್‌ಜಿಂಗ್‌ಬಾರ್, ಸುಮಾರು 4,270. ಗಮನಿಸಿ, ಜಿಂಗ್‌ಜಿಂಗ್‌ಬಾರ್ ಎತ್ತರದಲ್ಲಿ ಹೆಚ್ಚುಕಡಿಮೆ ಸರ್ಚುವಿನಷ್ಟೇ. ಆದರೆ ಬಾರಾಲಾಚಾಗೆ ಈಚೆ ಇದೆ. ಅಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಪೆಡಲ್ ತುಳಿಯದೆ ದಾರ್ಚಾವರೆಗೆ ಇಳಿಜಾರು. ದೇಹಕ್ಕೆ 4,300 ಮೀಟರಿನ ಮೊದಲ ರಾತ್ರಿ ಎಲ್ಲೋ ಒಂದು ಕಡೆ ಬರಲೇಬೇಕು. ಬರುವುದಾದರೆ ಇಳಿಯಲು ದಾರಿ ಇರುವ ಕಡೆ ಬರಲಿ. ಸರ್ಚುಗೆ ಹೋಗುವಷ್ಟರಲ್ಲಿ ಆ ಎತ್ತರ ಹಳೆಯದಾಗಿರುತ್ತದೆ.

ಕಾರಿನವರಿಗೆ ಪಟ್ಸೇವ್‌ನಲ್ಲಿ ನಿಲ್ಲುವ ಕೆಲಸವೇ ಇಲ್ಲ. ಅದಕ್ಕೇ ಇಂಟರ್ನೆಟ್‌ನಲ್ಲಿ ಸಿಗುವ ಬಹುಪಾಲು ದಿನಚರಿಗಳಲ್ಲಿ ಆ ಹೆಸರೇ ಬರಲ್ಲ. ಗಂಟೆಗೆ ಎಂಟು ಕಿ.ಮೀ. ಹೋಗುವವರಿಗೆ ಅದು ಬಂಗಾರದಂಥ ಜಾಗ.

ಪಕ್ಷ ಮತ್ತು ರಜೆ

ರಾತ್ರಿಗಳ ಲೆಕ್ಕ ಹಿಡಿದರೆ ಎಂಟು ದಿನ ಸಾಲಲ್ಲ ಅನ್ನುವುದು ಖಚಿತವಾಯಿತು. ಹಾಗಾದರೆ ಯಾವಾಗ ಹೋಗುವುದು, ಎಷ್ಟು ದಿನ ಸಿಗುತ್ತದೆ?

ಮೇಷ್ಟ್ರಿಗೆ ರಜೆ ಬರುವುದು ಏಪ್ರಿಲ್-ಮೇನಲ್ಲಿ, ಆಮೇಲೆ ದಸರಾಕ್ಕೆ. ಏಪ್ರಿಲ್‌ನಲ್ಲಿ ಆ ದಾರಿಯ ಮೇಲ್ಭಾಗದಲ್ಲಿ ಹಿಮ ತುಂಬಿರುತ್ತದೆ, ಕೆಲವು ವರ್ಷ ರಸ್ತೆ ಬೇಗ ತೆರೆದರೂ ಸೈಕಲ್‌ನವರು ನೆಚ್ಚಿಕೊಳ್ಳುವ ಹಾಗಾಗುವುದು ಮೇ ಕೊನೆ, ಜೂನ್ ಹೊತ್ತಿಗೆ. ದಸರಾ ರಜೆ ಅಕ್ಟೋಬರ್. ಆಗ ಡಾಬಾದವರು ಟೆಂಟ್ ಬಿಚ್ಚಿ ಇಳಿಯುತ್ತಿರುತ್ತಾರೆ, ಚಳಿಯಂತೂ ಕೇಳಬೇಡಿ. ಜುಲೈ-ಆಗಸ್ಟ್ ಅಂದರೆ ಮನಾಲಿ ಕಡೆ ಮಳೆಗಾಲ, ಗುಡ್ಡ ಜಾರುವ ಕಾಲ. ಲೇಹ್‌ನಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 100 ಮಿ.ಮೀ. ಮಳೆ, ಅದು ಮರುಭೂಮಿಯೇ. ಆದರೆ ಅಲ್ಲಿಗೆ ಮುಟ್ಟಲು ಮಳೆಯ ಸೀಮೆ ದಾಟಿಕೊಂಡೇ ಹೋಗಬೇಕು. ಉಳಿದದ್ದು ಸೆಪ್ಟೆಂಬರ್. ಮಳೆ ಇಳಿಮುಖ, ಹಿಮ ಕರಗುವುದೂ ಕಮ್ಮಿಯಾಗಿ ತೊರೆಗಳಲ್ಲಿ ನೀರು ತಗ್ಗಿರುತ್ತದೆ, ಆಕಾಶ ತಿಳಿ. ರಾತ್ರಿ ಮಾತ್ರ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಮೇಷ್ಟ್ರು ತಾಲ್ಲೂಕು ಕ್ರೀಡಾಕೂಟ ಮುಗಿಸಿ ಇ.ಎಲ್. (ಗಳಿಕೆ ರಜೆ) ಹಾಕುವುದು ಅಂತಾಯಿತು. ಸಿಸ್ಟರ್ ನೈಟ್ ಡ್ಯೂಟಿಗಳನ್ನು ಮುಂಚೆಯೇ ಮಾಡಿ ರಜೆ ಹೊಂದಿಸಿಕೊಂಡರು. ಕಷ್ಟವಾದದ್ದು ಹೂವಿನ ಹುಡುಗನಿಗೆ. ವರಮಹಾಲಕ್ಷ್ಮಿಯಿಂದ ಗಣೇಶನವರೆಗೆ ಹೂವಿಗೆ ರೇಟು, ಆಮೇಲೆ ನವರಾತ್ರಿಗೆ ಮತ್ತೆ ರೇಟು. ಆ ವರ್ಷ ಗಣೇಶನ ಹಬ್ಬ ಆಗಸ್ಟ್ 31, ನವರಾತ್ರಿ ಶುರು ಸೆಪ್ಟೆಂಬರ್ 26. ಮಧ್ಯದಲ್ಲಿ ಪಿತೃಪಕ್ಷ. ಪಕ್ಷದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಮಾರ್ಕೆಟ್ಟಿನಲ್ಲಿ ಹೂವು ಕೇಳುವವರಿಲ್ಲ. ವರ್ಷದಲ್ಲಿ ಅವನು ತೋಟ ಬಿಟ್ಟು ಹೋಗಬಹುದಾದ ಹದಿನೈದು ದಿನ ಅಂದರೆ ಅದೇ!

ಅವನ ತಾಯಿ ಒಪ್ಪಲಿಲ್ಲ. "ಪಕ್ಷದಲ್ಲಿ ಯಾರಾದ್ರೂ ಪ್ರಯಾಣ ಹೊರಡ್ತಾರೇನಪ್ಪಾ? ನಿಮ್ಮಪ್ಪಂಗೆ ಎಡೆ ಇಡೋರ್ಯಾರು?" ಅಂದರು. ಎರಡೂ ಸರಿಯಾದ ಮಾತೇ. ಪಂಚಾಂಗ ಮುಂದಿಟ್ಟುಕೊಂಡು ನೋಡಿದೆವು. ಪಕ್ಷ ಶುರುವಾಗುವುದು 10ರ ಹೊತ್ತಿಗೆ, ಮಹಾಲಯ ಅಮಾವಾಸ್ಯೆ 25ಕ್ಕೆ. 6ಕ್ಕೇ ರೈಲು ಹತ್ತಿದರೆ ಹೊರಟದ್ದು ಪಕ್ಷಕ್ಕೆ ಮುಂಚೆ ಆಗುತ್ತದೆ. 24ರ ರಾತ್ರಿ ಮನೆ ಸೇರಿದರೆ ಮರುದಿನ ಎಡೆ. ಗಣೇಶನ ವಿಸರ್ಜನೆಯ ಕೊನೆಯ ಕೊಯ್ಲು ತಮ್ಮನ ಪಾಲು. ಅಮ್ಮ ಹೂಂ ಅಂದರು. ಹೀಗಾಗಿ ಯೋಜನೆಯ ಎರಡು ತುದಿಗಳೂ ಗಟ್ಟಿಯಾದವು. ಲೇಹ್‌ನಿಂದ ವಿಮಾನ 24ಕ್ಕೆ, ಒಂದು ದಿನವೂ ಆಚೆ ಹೋಗುವ ಹಾಗಿಲ್ಲ.

ರೋಹ್ತಾಂಗ್ ಬಿಟ್ಟದ್ದು

ಬೆಂಗಳೂರಿನಿಂದ ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಮೂರನೇ ದಿನ ಬೆಳಗ್ಗೆ ದೆಹಲಿ. ಅಲ್ಲಿಂದ ರಾತ್ರಿ ಬಸ್ಸು. 9ಕ್ಕೆ ಮನಾಲಿ. 10 ಬಿಡುವು ಮತ್ತು ಪರೀಕ್ಷೆ ಸವಾರಿ. 11ರಿಂದ ಶುರು ಮಾಡಿ ರೋಹ್ತಾಂಗ್ ಮೇಲೇ ಹೋದರೆ ಹದಿಮೂರು ದಿನ ಬೇಕು. 23ರ ಸಂಜೆ ಲೇಹ್, 24ಕ್ಕೆ ವಿಮಾನ. ಕೈಯಲ್ಲಿ ಒಂದು ದಿನವೂ ಉಳಿಯಲ್ಲ.

ಇಲ್ಲಿ ಜಗಳವೇ ಆಯಿತು ಅನ್ನಬಹುದು. ಮೇಷ್ಟ್ರಿಗೆ ರೋಹ್ತಾಂಗ್ ಬೇಕು. ಹೆಸರು ಕೇಳಿಕೊಂಡು ಬೆಳೆದವರು, ಬಿಡಿ ಅಂದರೆ ಹೇಗೆ? ಅದಕ್ಕೆ ವೈದ್ಯಕೀಯ ಕಾರಣವೂ ಅವರ ಕೈಲಿತ್ತು. ಹಗಲು 3,978 ಹತ್ತಿ, ರೋಹ್ತಾಂಗ್ ಆಚೆಯ ಸಿಸ್ಸುವಿನ 3,100ಕ್ಕೆ ಇಳಿದು ಮಲಗಿದರೆ ದೇಹ ಒಗ್ಗಲು ಒಳ್ಳೆಯದೇ ಅಲ್ವಾ? ಹೌದು, ಒಳ್ಳೆಯದೇ. ಆದರೆ ಬಿಡುವಿನ ದಿನ ಇಲ್ಲದ ಯೋಜನೆಯಲ್ಲಿ ತಲೆನೋವು ಬಂದವನು ಅದನ್ನು ಮುಚ್ಚಿಡುತ್ತಾನೆ. ವಿಮಾನದ ಟಿಕೆಟ್ ಕಣ್ಣೆದುರು ಇರುವಾಗ "ನಂಗೇನೂ ಆಗಿಲ್ಲ, ನಡೀರಿ" ಅನ್ನುವುದು ಸಹಜ. ದಾರಿಯಲ್ಲಿ ಅತಿ ಅಪಾಯದ ಮಾತು ಅದೇ.

2020ರ ಅಕ್ಟೋಬರ್‌ನಲ್ಲಿ ರೋಹ್ತಾಂಗ್ ಕೆಳಗೆ ಅಟಲ್ ಸುರಂಗ ತೆರೆದಿದೆ, 9 ಕಿ.ಮೀ. ಉದ್ದ. ಸೈಕಲ್‌ಗಳನ್ನು ಪಿಕಪ್ ಗಾಡಿಯಲ್ಲಿ ಹಾಕಿಕೊಂಡು ಸುರಂಗದಲ್ಲಿ ಆಚೆ ಹೋಗಿ, ಸಿಸ್ಸುವಿನಲ್ಲಿ ಇಳಿಸಿಕೊಂಡು ಕೇಲಾಂಗ್‌ವರೆಗೆ ತುಳಿದರೆ ಎರಡು ದಿನ ಉಳಿಯುತ್ತದೆ. ಆ ಎರಡು ದಿನ ಯಾರದೂ ಅಲ್ಲ, ಹುಷಾರು ತಪ್ಪಿದವರದ್ದು. ಮೇಷ್ಟ್ರು ಎರಡು ದಿನ ಅಂಗಡಿ ಕಡೆ ಬರಲಿಲ್ಲ. ಆಮೇಲೆ ಬಂದು, "ಆಯ್ತು, 10ನೇ ತಾರೀಕು ಖಾಲಿ ಸೈಕಲ್‌ನಲ್ಲಿ ರೋಹ್ತಾಂಗ್ ದಾರಿಯ ಗುಲಾಬಾವರೆಗಾದ್ರೂ ಹತ್ತಿ ಇಳೀತೀನಿ" ಅಂದರು. ಆಗಬಹುದು ಅಂದೆ. ಸಾಮಾನು ಹೇರುವ ಮುಂಚೆ ಸೈಕಲ್ ಪರೀಕ್ಷೆ ಮಾಡಲು ಅದೇ ಸರಿಯಾದ ಏರು.

ಕೊನೆಗೆ ನಿಂತ ಯೋಜನೆ ಹೀಗಿತ್ತು. 11ರ ರಾತ್ರಿ ಕೇಲಾಂಗ್, 3,080. 12 ಜಿಸ್ಪಾ, 13 ಅಲ್ಲೇ ಬಿಡುವು. 14 ಪಟ್ಸೇವ್. 15 ಜಿಂಗ್‌ಜಿಂಗ್‌ಬಾರ್. 16 ಬಾರಾಲಾಚಾ ದಾಟಿ ಸರ್ಚು. 17 ಗಾಟಾ ಲೂಪ್ಸ್‌ನ ಬುಡದವರೆಗೆ ಮಾತ್ರ, ಇಪ್ಪತ್ತೈದು ಕಿ.ಮೀ. ಆಸುಪಾಸು. ಅಲ್ಲಿ ಸ್ವಂತ ಟೆಂಟ್. 18 ನಕೀ ಲಾ, ಲಾಚುಲುಂಗ್ ಲಾ ಎರಡನ್ನೂ ದಾಟಿ ಪಾಂಗ್, ಇಡೀ ಪ್ರವಾಸದ ಕಠಿಣ ದಿನ. 19 ಮೋರೆ ಬಯಲು, ಡೆಬ್ರಿಂಗ್. 20 ತಾಂಗ್ಲಾಂಗ್ ಲಾ ದಾಟಿ ರುಮ್ಟ್ಸೆ. 21 ಉಪ್ಶಿ ಹತ್ತಿರ ಸಿಂಧೂ ನದಿ ಹಿಡಿದು ಲೇಹ್. 22, 23 ಖಾಲಿ. ಜಿಸ್ಪಾದಿಂದ ಪಟ್ಸೇವ್‌ಗೆ ಏರು 600, ಲೆಕ್ಕಕ್ಕಿಂತ ನೂರು ಜಾಸ್ತಿ. ಹಿಂದಿನ ದಿನ ಪೂರ್ತಿ ಬಿಡುವು ಇದ್ದುದರಿಂದ ಅದನ್ನು ಹಾಗೇ ಬಿಟ್ಟೆವು. ಉಳಿದ ಯಾವ ರಾತ್ರಿಯೂ ಮಿತಿ ಮೀರಲ್ಲ.

ಪೇಪರ್ ಹುಡುಗನ ಸೈಕಲ್

ಮೇಷ್ಟ್ರದ್ದು ರೋಡ್ ಬೈಕ್. ಸಣ್ಣ ಟೈರು. ಅತಿ ಹಗುರ ಗೇರ್ ಅಂದರೆ ಮುಂದೆ 34 ಹಲ್ಲು, ಹಿಂದೆ 28. ನಿಮಿಷಕ್ಕೆ 60 ಸುತ್ತು ತುಳಿದರೂ ಆ ಗೇರಿನಲ್ಲಿ ಗಂಟೆಗೆ 9 ಕಿ.ಮೀ. ಹೋಗಲೇಬೇಕು. ಅವರ ತೂಕ, ಸೈಕಲ್, ಸಾಮಾನು ಸೇರಿ 93 ಕೆ.ಜಿ. ಶೇಕಡಾ 6ರ ಏರಿನಲ್ಲಿ ಆ ವೇಗಕ್ಕೆ ಸುಮಾರು 160 ವಾಟ್ ಶಕ್ತಿ ಬೇಕು. ಊರಲ್ಲಿ ಒಂದು ಗಂಟೆ 200 ವಾಟ್ ಹಿಡಿಯಬಲ್ಲ ಮನುಷ್ಯ ಅಂದುಕೊಳ್ಳಿ. 5,000 ಮೀಟರ್ ಹತ್ತಿರ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಶಕ್ತಿ ಕುಸಿಯುತ್ತದೆ. ಉಳಿಯುವುದು 140 ಚಿಲ್ಲರೆ. ಅಂದರೆ ಆ ಗೇರಿನಲ್ಲಿ ಮೇಷ್ಟ್ರು ತುಳಿಯುವುದಲ್ಲ, ತಳ್ಳಿಕೊಂಡು ಹೋಗುವುದು.

ನನ್ನ ಅಂಗಡಿಯ ಮೂಲೆಯಲ್ಲಿ ಒಂದು ಹಳೆ ಎಂಟಿಬಿ, ಅಂದರೆ ಮೌಂಟನ್ ಬೈಕ್ ಇತ್ತು. ಸ್ಟೀಲ್ ಫ್ರೇಮು, 26 ಇಂಚಿನ ಗಾಲಿ, ಮುಂದೆ 42-32-22 ಹಲ್ಲು, ಹಿಂದೆ 14ರಿಂದ 34 ಹಲ್ಲಿನ ಫ್ರೀವೀಲ್. ಅದರ ಅತಿ ಹಗುರ ಗೇರಿನಲ್ಲಿ ಗಂಟೆಗೆ ಐದು ಕಿ.ಮೀ.ಗಿಂತ ಕಮ್ಮಿ ವೇಗದಲ್ಲೂ ಕಾಲು ಸಲೀಸಾಗಿ ತಿರುಗುತ್ತದೆ, 85 ವಾಟ್ ಸಾಕು. ಮೇಷ್ಟ್ರು ನೋಡಿ, "ಇದೇನ್ರೀ, ಪೇಪರ್ ಹಾಕೋ ಹುಡುಗನ ಸೈಕಲ್ ಇದ್ದಂಗಿದೆ" ಅಂದರು. ಎರಡು ಭಾನುವಾರ ಹದಿನಾಲ್ಕು ಕೆ.ಜಿ. ಹೇರಿಕೊಂಡು ನಂದಿ ಹತ್ತಿಸಿದ ಮೇಲೆ ಮಾತು ನಿಂತಿತು.

ನಂದಿಯ ಏರು ಎಂಟು ಕಿ.ಮೀ. ಹತ್ತಿರ, ಏರಿಕೆ ನಾಲ್ಕುನೂರು ಚಿಲ್ಲರೆ ಮೀಟರ್. ಕೊನೆಯ ತಿರುವುಗಳು ಮನಾಲಿ–ಲೇಹ್ ರಸ್ತೆಯ ಎಷ್ಟೋ ಏರುಗಳಿಗಿಂತ ಕಡಿದು. ಅಲ್ಲಿನ ರಸ್ತೆಯಲ್ಲಿ ಸೈನ್ಯದ ಲಾರಿಗಳು ಓಡಾಡಬೇಕಲ್ಲ, ಹಾಗಾಗಿ ಇಳಿಜಾರು ಹದವಾಗಿಯೇ ಇದೆ. ಗಾಟಾ ಲೂಪ್ಸ್‌ನ 21 ತಿರುವುಗಳು ಫೋಟೋದಲ್ಲಿ ನೋಡಲು ಭಯ, ತುಳಿಯಲು ಅಷ್ಟಿಲ್ಲ. ಕಾಲಿಗೆ ನಂದಿ ಧಾರಾಳವಾಗಿ ಸಾಕು.

ಊಟದ ವಿಷಯ ಬೇಗ ಮುಗಿಯಿತು. 4,300 ಮೀಟರಿನಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯಲ್ಲ, ಅನ್ನವೂ ಕಷ್ಟ. ಬೇಯಿಸುವ ಗೋಜೇ ಬೇಡ ಅಂತ ರಾಗಿ ಹುರಿಹಿಟ್ಟು, ಬೆಲ್ಲ, ಅವಲಕ್ಕಿ, ಚಟ್ನಿಪುಡಿ, ಕಡಲೆ ಚಿಕ್ಕಿ. ಲಡಾಖಿನವರೂ ಬಾರ್ಲಿ ಹುರಿದು ಹಿಟ್ಟು ಮಾಡಿ ಚಹಾದಲ್ಲಿ ಕಲಸಿ ತಿನ್ನುವುದು ಅದಕ್ಕೇ ಇರಬೇಕು. ಬಿಸಿ ಊಟಕ್ಕೆ ಡಾಬಾ ಟೆಂಟುಗಳಿವೆ. ಗ್ಯಾಸ್ ಡಬ್ಬಿ ರೈಲಲ್ಲೂ ವಿಮಾನದಲ್ಲೂ ಒಯ್ಯುವಂತಿಲ್ಲ, ಬೇಕಾದರೆ ಮನಾಲಿಯಲ್ಲೇ ಕೊಳ್ಳಬೇಕು.

ಫೋನಿನ ಕಥೆ ಇನ್ನೊಂದು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ದಾರ್ಚಾದಿಂದ ಆಚೆ ಬಹುಪಾಲು ದಾರಿಯಲ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ. ಸ್ಯಾಟಲೈಟ್ ಫೋನ್ ಒಂದು ತರಿಸೋಣ ಅಂತ ಹೂವಿನ ಹುಡುಗ ಹೇಳಿದ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಂಡರೆ ನಮ್ಮ ದೇಶದಲ್ಲಿ ಕೇಸು ಬೀಳುತ್ತದೆ. ಹಾಗಾಗಿ ತುರ್ತಿನಲ್ಲಿ ಕೆಳಗಿಳಿಸುವ ಗಾಡಿ ಬಾಡಿಗೆಗೆ ಅಂತ ನಗದು ದುಡ್ಡು ಬೇರೆ ಕಟ್ಟಿ ಸಿಸ್ಟರ್ ಬ್ಯಾಗಿನ ತಳದಲ್ಲಿ ಇಟ್ಟೆವು.

ಸಿಸ್ಟರ್ ಇನ್ನೂ ಒಂದು ಕೆಲಸ ಮಾಡಿದರು. ಮೂವರನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಎತ್ತರಕ್ಕೆ ಮುಂಜಾಗ್ರತೆಯಾಗಿ ಕೊಡುವ ಅಸೆಟಜೋಲಮೈಡ್ ಮಾತ್ರೆ ಸಾಮಾನ್ಯವಾಗಿ 125 ಮಿ.ಗ್ರಾಂ, ದಿನಕ್ಕೆ ಎರಡು ಸಲ. ಆದರೆ ಸಲ್ಫಾ ಅಲರ್ಜಿ ಇದ್ದವರಿಗೆ ಅದರ ಬಗ್ಗೆ ಎಚ್ಚರ ಬೇಕು, ಬಿ.ಪಿ. ಮಾತ್ರೆ ತಗೊಳ್ಳುವವರು ಕೇಳದೆ ತಗೊಳ್ಳಬಾರದು. ಬೆರಳು ಜುಮ್ಮೆನ್ನುತ್ತದೆ, ಮೂತ್ರಕ್ಕೆ ಜಾಸ್ತಿ ಹೋಗಬೇಕಾಗುತ್ತದೆ. ಇದನ್ನೆಲ್ಲ ಊರಲ್ಲೇ ತಿಳಿದುಕೊಂಡು ಹೋಗಬೇಕು. ಆಮೇಲೆ ಒಂದು ಚೀಟಿ ಬರೆದು ಮೂವರ ಹತ್ತಿರವೂ ಸಹಿ ಹಾಕಿಸಿಕೊಂಡರು: ತಲೆನೋವಿನ ಜೊತೆ ವಾಕರಿಕೆಯೋ ಸುಸ್ತೋ ತಲೆಸುತ್ತೋ ಇದ್ದರೆ ಆ ದಿನ ಮೇಲೆ ಹೋಗುವಂತಿಲ್ಲ. ಜಾಸ್ತಿಯಾದರೆ ಕೆಳಗೆ. ನಡಿಗೆ ತೂರಾಡಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಯಾರನ್ನೂ ಕೇಳುವುದಿಲ್ಲ, ಆ ಕ್ಷಣವೇ ಕೆಳಗೆ. ಮೇಷ್ಟ್ರು ನಗುತ್ತಾ ಸಹಿ ಹಾಕಿದರು.

ದಾರಿಯಲ್ಲಿ ಆದದ್ದು

ಗುಲಾಬಾ ಕಡೆಯ ಪರೀಕ್ಷೆ ಸವಾರಿಯಲ್ಲೇ ಹೂವಿನ ಹುಡುಗನ ಹೈಬ್ರಿಡ್ ಸೈಕಲ್ ತಕರಾರು ತೆಗೆಯಿತು. ಹಗುರ ಗೇರಿಗೆ ಹಾಕಿದರೆ ಹಿಂದಿನ ಡಿರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ, ಗಾಲಿಯ ಕಡ್ಡಿಗಳಿಗೆ ಟಕಟಕ ತಾಗುತ್ತಿತ್ತು. ಬಸ್ಸಿನ ಡಿಕ್ಕಿಯಲ್ಲಿ ಮೇಲೆ ಯಾರದೋ ಲಗೇಜು ಬಿದ್ದು, ಡಿರೇಲರ್ ನೇತಾಡುವ ಹ್ಯಾಂಗರ್ ಒಳಕ್ಕೆ ಬಾಗಿತ್ತು. ಹೆಬ್ಬೆರಳಿನಷ್ಟು ಉದ್ದದ ಅಲ್ಯೂಮಿನಿಯಂ ತುಂಡು ಅದು. ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ, ಅಲ್ಲಿ ಹುಡುಕಿದರೆ ಸಿಗಲ್ಲ. ಬೆಂಗಳೂರಿನಿಂದ ತರಿಸಿ ಕೊಟ್ಟಿದ್ದ ಒಂದು ಹ್ಯಾಂಗರ್ ಅವನ ಟೂಲ್ ಪೌಚಿನಲ್ಲಿ ಇತ್ತು. ಅರ್ಧ ಗಂಟೆಯ ಕೆಲಸದಲ್ಲಿ ಮುಗಿಯಿತು. ಅದೇ ಜಿಂಗ್‌ಜಿಂಗ್‌ಬಾರ್ ಏರಿನಲ್ಲಿ ಡಿರೇಲರ್ ಗಾಲಿಗೆ ಸಿಕ್ಕಿಕೊಂಡಿದ್ದರೆ ಸೈಕಲ್ ಲಾರಿ ಹತ್ತಬೇಕಿತ್ತು.

ಪಟ್ಸೇವ್‌ವರೆಗೆ ಎಲ್ಲ ಸರಿ. 15ರಂದು ಹೋಗಬೇಕಾದ ದೂರ ಕಮ್ಮಿ. ಮೇಷ್ಟ್ರು ನಂದಿಯ ಭಾನುವಾರದ ವೇಗದಲ್ಲೇ ಹೋಗಿ ಮಧ್ಯಾಹ್ನಕ್ಕೆ ಮುಂಚೆ ಜಿಂಗ್‌ಜಿಂಗ್‌ಬಾರ್‌ನ ಟೆಂಟ್ ಸೇರಿ, ಮಿಕ್ಕವರಿಗೆ ಜಾಗ ಹಿಡಿದು ಕೂತಿದ್ದರು. ಉಳಿದಿಬ್ಬರು ಒಂದೂವರೆ ಗಂಟೆ ತಡವಾಗಿ ಬಂದರು. ನಾಲ್ಕು ಗಂಟೆ ಹೊತ್ತಿಗೆ ಮೇಷ್ಟ್ರಿಗೆ ತಲೆನೋವು. ರಾಜ್ಮಾ ಚಾವಲ್ ತಟ್ಟೆ ಹಾಗೇ ಪಕ್ಕಕ್ಕೆ ಸರಿಸಿದರು. "ಬಿಸಿಲಿಗೆ ಅಷ್ಟೇ" ಅಂದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ ಮೂವರದ್ದೂ ಎಂಬತ್ತರ ಆಚೆ-ಈಚೆ. ಆ ಎತ್ತರಕ್ಕೆ ಅದು ಹೊಸದೇನಲ್ಲ. ಸಿಸ್ಟರ್ ಅಂಕಿ ನೋಡಲಿಲ್ಲ, ತಟ್ಟೆ ನೋಡಿದರು. ತಲೆನೋವು ಒಂದು, ಊಟ ಸೇರದಿರುವುದು ಎರಡು. ಚೀಟಿ ತೆಗೆದರು.

ಗಟ್ಟಿ ಕಾಲಿಗೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ. ದಿನವೂ ವ್ಯಾಯಾಮ ಮಾಡುವವರಿಗೂ ಬರುತ್ತದೆ, ಹೊಸ ಎತ್ತರದಲ್ಲಿ ಮೈ ದಣಿಸಿದರೆ ಜಾಸ್ತಿಯಾಗುತ್ತದೆ. ಗಟ್ಟಿಗರಿಗೆ ಇರುವ ಇನ್ನೊಂದು ಕಷ್ಟ ಅಂದರೆ ಬೇಗ ಮೇಲೆ ಹೋಗಲು ಅವರ ಕೈಲಿ ಆಗುತ್ತದೆ.

ರಾತ್ರಿ ಹೂವಿನ ಹುಡುಗ ಗಾಬರಿಯಿಂದ ಸಿಸ್ಟರ್‌ನ ಎಬ್ಬಿಸಿದ. "ಅಕ್ಕಾ, ಮೇಷ್ಟ್ರ ಉಸಿರು ನಿಂತು ನಿಂತು ಬರ್ತಿದೆ." ಎದ್ದು ನೋಡಿದರೆ ನಾಲ್ಕೈದು ಉಸಿರು ಜೋರಾಗಿ, ಆಮೇಲೆ ಕೆಲವು ಕ್ಷಣ ಸದ್ದೇ ಇಲ್ಲ, ಮತ್ತೆ ದಡಕ್ಕನೆ ಶುರು. ಎತ್ತರದಲ್ಲಿ ನಿದ್ದೆಯಲ್ಲಿ ಉಸಿರಾಟ ಹೀಗಾಗುವುದು ಮಾಮೂಲಿ, ಅದೊಂದೇ ಅಪಾಯದ ಗುರುತಲ್ಲ. ಎಬ್ಬಿಸಿ ಮಾತಾಡಿಸಿದರು, ಟೆಂಟ್ ಹೊರಗೆ ನೇರ ಗೆರೆಯಲ್ಲಿ ನಡೆಸಿ ನೋಡಿದರು. ಸರಿಯಿತ್ತು. ಮಲಗಿಸಿದರು.

16ರಂದು ಹೊರಡಲಿಲ್ಲ. ಮೇಷ್ಟ್ರು ಬೆಳಗ್ಗೆ ಒಂದು ಸಲ "ಹೋಗ್ಬೋದಿತ್ತು" ಅಂದರಂತೆ, ಯಾರೂ ಮಾತಾಡಲಿಲ್ಲವಂತೆ. ಮಧ್ಯಾಹ್ನಕ್ಕೆ ತಲೆನೋವು ಬಿಟ್ಟಿತು, ಸಂಜೆ ಎರಡು ಆಲೂ ಪರಾಠ ತಿಂದರು. ಖಾಲಿ ಇಟ್ಟ ಎರಡು ದಿನದಲ್ಲಿ ಒಂದು ಹೀಗೆ ಖರ್ಚಾಯಿತು. 17ಕ್ಕೆ ಬೆಳಗ್ಗೆ ಬೇಗ ಹೊರಟು ಬಾರಾಲಾಚಾ ಹತ್ತಿದರು. ತೊರೆಗಳನ್ನು ದಾಟುವುದು ಬೆಳಗಿನ ಹೊತ್ತೇ ಒಳ್ಳೆಯದು. ಬಿಸಿಲೇರಿದ ಹಾಗೆ ಮೇಲೆ ಹಿಮ ಕರಗಿ, ಮಧ್ಯಾಹ್ನಕ್ಕೆ ಅದೇ ತೊರೆ ಮೊಣಕಾಲಿಗೆ ಬರುತ್ತದೆ. ಭಾಗಾ ನದಿ ಹುಟ್ಟುವ ಸೂರಜ್ ತಾಲ್ ಪಕ್ಕದಲ್ಲಿ ಫೋಟೋ ತೆಗೆಸಿಕೊಂಡು, ಸಂಜೆಗೆ ಸರ್ಚು ಸೇರಿದರು. ಅಲ್ಲಿ ಮೂವರೂ ಚೆನ್ನಾಗಿ ಉಂಡು ಮಲಗಿದರು. ನನಗೆ ಈ ಇಡೀ ಪ್ರಕರಣದಲ್ಲಿ ಮುಖ್ಯ ಅನ್ನಿಸಿದ್ದು ಈ ಒಂದು ವಾಕ್ಯ.

ಪಾಂಗ್ ದಿನ ಬೆಳಗ್ಗೆ ಆರಕ್ಕೆ ಶುರು ಮಾಡಿ ಸಂಜೆ ಐದಾಯಿತು. ಗಾಟಾ ಲೂಪ್ಸ್‌ನಲ್ಲಿ ಸತ್ತುಹೋದ ಲಾರಿ ಕ್ಲೀನರ್ ಒಬ್ಬನ ಆತ್ಮ ನೀರು ಕೇಳುತ್ತದೆ ಅನ್ನುವ ಕಥೆ ಇದೆ. ಅಲ್ಲಿನ ಪುಟ್ಟ ಗುಡಿಯ ಮುಂದೆ ನೀರಿನ ಬಾಟಲಿ ಇಟ್ಟು ಹೋಗುತ್ತಾರೆ. ಪಕ್ಷ ಬೇರೆ ನಡೀತಿತ್ತಲ್ಲ, ಹೂವಿನ ಹುಡುಗ ತನ್ನ ಒಂದು ಬಾಟಲಿ ಇಟ್ಟ. ಮುಂದೆ ಪಾಂಗ್‌ವರೆಗೆ ನೀರಿಗೆ ಕಷ್ಟದ ದಾರಿ. ಸಿಸ್ಟರ್‌ಗೆ ಸಿಟ್ಟು ಬಂದರೂ ಏನೂ ಅನ್ನಲಿಲ್ಲ, ತಮ್ಮ ನೀರಲ್ಲಿ ಪಾಲು ಕೊಟ್ಟರು.

ಮೋರೆ ಬಯಲಿನಲ್ಲಿ ಯೋಜನೆ ಸ್ವಲ್ಪ ಎಡವಿತು. 4,700 ಮೀಟರ್ ಎತ್ತರದಲ್ಲಿ ನಲವತ್ತು ಕಿ.ಮೀ. ಸಮತಟ್ಟು. ಸಮತಟ್ಟು ಅಂದರೆ ಸುಲಭ ಅಂತ ಪಾಂಗ್‌ನಲ್ಲಿ ನಿಧಾನವಾಗಿ ತಿಂಡಿ ತಿಂದು ಒಂಬತ್ತೂವರೆಗೆ ಹೊರಟರು. ಪಾಂಗ್ ಬಿಟ್ಟ ಕೂಡಲೇ ಏರು, ಅದು ಮುಗಿದು ಬಯಲಿಗೆ ಬರುವಷ್ಟರಲ್ಲಿ ಹನ್ನೊಂದು. ಮಧ್ಯಾಹ್ನದ ಎದುರುಗಾಳಿ ಶುರುವಾಗಿ, ಸಮತಟ್ಟಿನಲ್ಲೂ ಗಂಟೆಗೆ ಎಂಟು ಕಿ.ಮೀ. ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು, ಮುಂದಿನವರು ಐದೈದು ನಿಮಿಷಕ್ಕೆ ಬದಲಾಗುತ್ತಾ ಹೋದರು. ಡೆಬ್ರಿಂಗ್ ಸೇರುವಷ್ಟರಲ್ಲಿ ಬೆಳಕು ಹೋಗುತ್ತಿತ್ತು. ಆ ದಿನ ಐದೂವರೆಗೇ ಹೊರಡಬೇಕು ಅಂತ ಈಗ ಹಾಳೆಯಲ್ಲಿ ಕೆಂಪು ಇಂಕಿನಲ್ಲಿ ಬರೆದಿದೆ.

ತಾಂಗ್ಲಾಂಗ್ ಲಾ ಬಗ್ಗೆ ಹೇಳುವಂಥದ್ದು ಏನೂ ನಡೆಯಲಿಲ್ಲ. ನಿಧಾನವಾಗಿ ಹತ್ತಿದರು, ಇಳಿದರು. 5,328 ಮೀಟರಿನಲ್ಲಿ ಹೇಳುವಂಥದ್ದು ನಡೆಯದೇ ಇರುವುದಕ್ಕೇ ಅಲ್ವಾ ಇಷ್ಟೆಲ್ಲ ಹಾಳೆ ಗೀಚಿದ್ದು?

22ರ ಸಂಜೆ ಲೇಹ್. 23 ಸೈಕಲ್ ಬಿಚ್ಚಿ ಪ್ಯಾಕ್ ಮಾಡಲು ಹೋಯಿತು. 24ರ ಬೆಳಗ್ಗೆ ವಿಮಾನ. ಗಾಳಿ ಏಳುವ ಮುಂಚೆ ಹಾರಬೇಕು ಅಂತ ಲೇಹ್‌ನಿಂದ ವಿಮಾನಗಳು ಹೆಚ್ಚಾಗಿ ಬೆಳಗ್ಗೆಯೇ ಹೊರಡುತ್ತವೆ. ಸೈಕಲ್‌ಗಳನ್ನು ಲಾರಿ ಪಾರ್ಸೆಲ್‌ಗೆ ಹಾಕಿ ಬಂದರು. ಅವು ಬಂದದ್ದು ಆಯುಧಪೂಜೆ ಕಳೆದ ಮೇಲೆ. ಮೂವರ ಸೈಕಲ್ಲಿಗೂ ಆ ವರ್ಷ ಪೂಜೆ ಇಲ್ಲ.

ಈಗ ಶಿಡ್ಲಘಟ್ಟದ ನಾಲ್ವರು ಹುಡುಗರು ಅದೇ ಹಾಳೆ ಕೇಳಿಕೊಂಡು ಬಂದಿದ್ದಾರೆ. ಅವರಿಗೆ ಜೂನ್ ಕೊನೆಗೆ ಮಾತ್ರ ಬಿಡುವು. ಜೂನ್‌ನಲ್ಲಿ ಬಾರಾಲಾಚಾ ಪಕ್ಕ ಹಿಮದ ಗೋಡೆ ಇರುತ್ತದೆ, ತೊರೆಗಳು ತುಂಬಿರುತ್ತವೆ, ಹಗಲು ಉದ್ದ. ಜಿಂಗ್‌ಜಿಂಗ್‌ಬಾರ್‌ನಿಂದ ನಸುಕಿಗೇ ಹೊರಡಬೇಕು, ತೊರೆ ದಾಟಲು ಬೇರೆ ಚಪ್ಪಲಿ ಬೇಕು, ಖಾಲಿ ದಿನ ಎರಡರ ಬದಲು ಮೂರು ಇಡಬೇಕು. ರಾತ್ರಿಗಳ ಕಾಲಂ ಮಾತ್ರ ಇದ್ದ ಹಾಗೇ. ಅವರಲ್ಲಿ ಒಬ್ಬ ಮೊನ್ನೆ ಬಂದು, ಪಟ್ಸೇವ್ ಬಿಟ್ಟರೆ ಒಂದು ದಿನ ಉಳಿಯುತ್ತಲ್ಲ ಅಣ್ಣಾ ಅಂದ. ಸಿಸ್ಟರ್ ನಂಬರ್ ಕೊಟ್ಟು ಕಳಿಸಿದ್ದೇನೆ.